ನಮ್ಮ ಮಹಡಿಯ ಲಾಡ್ಜು

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದದ್ದು ಎಪ್ಪತ್ತರ ದಶಕದ ಮೊದಮೊದಲ ವರ್ಷಗಳಲ್ಲಿ. ನಾನು ಸೇರಿದ ಮನೆಯ ಮಹಡಿಯ ಮೇಲೆ ಲಾಡ್ಜ್ ಇದೆಯಂತೆ ಎಂದು ಯಾರೋ ತುಮಕೂರಿನಲ್ಲಿದ್ದ ನಮ್ಮ ತಂದೆಯವರ ಕಿವಿಗೆ ಹಾಕಿದರು. ಲಾಡ್ಜ್ ಎಂದರೆ ನಮಗೆ ಗೊತ್ತಿದ್ದುದು ಬಸ್ ಸ್ಟ್ಯಾಂಡಿನ ಎದುರಿನ ಬಾಡಿಗೆ ಕೋಣೆಗಳು. ಯಾರು ಬರುತ್ತಾರೋ, ಯಾರು ಹೋಗುತ್ತಾರೋ. ಅಂಥ ಮನೆಗೆ ಮಗಳನ್ನು ಕೊಟ್ಟುಬಿಟ್ಟೆವೇ ಎಂದು ತಂದೆ ಮರುದಿನವೇ ಬಸ್ಸು ಹತ್ತಿ ಬಂದರು.

ಮನೆಯ ಮಾಲೀಕರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಇಂಜಿನಿಯರು. ಹಿಂಭಾಗದಲ್ಲಿ ಅವರಿದ್ದರು, ಮುಂದಿನ ಪೋರ್ಷನ್ನಿನಲ್ಲಿ ನಮ್ಮ ಅತ್ತೆ, ನಮ್ಮ ಯಜಮಾನರು ಮತ್ತು ನಾನು. ತಂದೆಯವರ ಮುಖ ನೋಡಿಯೇ ಇಂಜಿನಿಯರಿಗೆ ವಿಷಯ ಹೊಳೆದಿರಬೇಕು. ಅವರನ್ನು ಕೂರಿಸಿ, ಕಾಫಿ ತರಿಸಿ, ನಿಧಾನವಾಗಿ ವಿವರಿಸಿದರು. ಇದು ಫ್ರೀಮೇಸನ್ನರ ಲಾಡ್ಜ್. ಆ ಸಂಘದವರು ತಮ್ಮ ಒಂದೊಂದು ಕೂಟವನ್ನೂ ಹಾಗೆಂದೇ ಕರೆಯುತ್ತಾರೆ. ತಿಂಗಳಿಗೊಂದು ಸಂಜೆ ಸೇರುತ್ತಾರೆ, ಊಟ ಮಾಡುತ್ತಾರೆ, ಮನೆಗೆ ಹೋಗುತ್ತಾರೆ. ಯಾರೂ ರಾತ್ರಿ ತಂಗುವುದಿಲ್ಲ. ತಂದೆಗೆ ಆ ಕೊನೆಯ ಮಾತೊಂದೇ ಸಾಕಾಯಿತು. ಸಮಾಧಾನದಿಂದ ಊಟ ಮಾಡಿ ಊರಿಗೆ ಹೋದರು.

ಅತ್ತೆಗೆ ಮಾತ್ರ ಅದು ಸಾಕಾಗಿರಲಿಲ್ಲ. ಆ ಸಂಜೆಗಳಲ್ಲಿ ಕಪ್ಪು ಕೋಟು ತೊಟ್ಟ ಗಂಡಸರು ಚಪ್ಪಟೆಯಾದ ಚಿಕ್ಕ ಪೆಟ್ಟಿಗೆ ಹಿಡಿದು ಹೊರಗಿನ ಮೆಟ್ಟಿಲು ಹತ್ತಿ ಹೋಗುವುದನ್ನು ಅವರು ಕಿಟಕಿಯಿಂದ ನೋಡುತ್ತಿದ್ದರು. ಮಹಡಿಯ ಪರದೆಗಳು ಮುಚ್ಚಿಕೊಳ್ಳುತ್ತಿದ್ದವು. ಬಾಗಿಲ ಹೊರಗೆ ಒಬ್ಬ ಹಿರಿಯರು ಒರೆಯಿಂದ ತೆಗೆದ ಕತ್ತಿ ಹಿಡಿದು ನಿಲ್ಲುತ್ತಿದ್ದರು. ಒಳಗಿನಿಂದ ಆಗಾಗ ಮರದ ಸುತ್ತಿಗೆಯಲ್ಲಿ ಬಡಿದ ಸದ್ದು ಕೇಳುತ್ತಿತ್ತು. ಬೀದಿಯಲ್ಲಿ ಒಬ್ಬರು ಅಲ್ಲಿ ತಲೆಬುರುಡೆ ಇಟ್ಟು ಪೂಜೆ ಮಾಡುತ್ತಾರೆ ಎಂದರೆ, ಇನ್ನೊಬ್ಬರು ಇಂಗ್ಲಿಷಿನವರು ಬಿಟ್ಟುಹೋದ ಮಾಟ ಎನ್ನುತ್ತಿದ್ದರು. ಅತ್ತೆ ಆ ದಿನ ಬಾಗಿಲಿಗೆ ಒಂದು ನಿಂಬೆಹಣ್ಣು ಕಟ್ಟಿ, ಬೇಗನೆ ದೀಪ ಹಚ್ಚಿ, ಸಹಸ್ರನಾಮ ಹೇಳಿಕೊಂಡು ಕೂರುತ್ತಿದ್ದರು.

ನಮ್ಮ ಯಜಮಾನರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವರಿಗೆ ಚಿಕ್ಕಂದಿನಿಂದ ಮಾತು ಉಗ್ಗುತ್ತಿತ್ತು. ‘ಕ’, ‘ಪ’, ‘ಮ’ ಬಂದರೆ ತುಟಿ ಅಲ್ಲೇ ನಿಂತುಬಿಡುವುದು, ಕುತ್ತಿಗೆಯ ನರ ಬಿಗಿಯುವುದು. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಓದಿದ್ದಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಸಿಗಬಹುದಿತ್ತು, ಆದರೆ ಸಂದರ್ಶನದಲ್ಲಿ ತಮ್ಮ ಹೆಸರು ಹೇಳುವುದೇ ಅವರಿಗೆ ಕಷ್ಟವಾಗುತ್ತಿತ್ತು. ನಕ್ಷೆ ಬರೆಯುವ ಹಲಗೆಯ ಮುಂದೆ ಕೂತರೆ ಮಾತಾಡಬೇಕಾಗಿಲ್ಲ ಎಂದು ಅದನ್ನೇ ಹಿಡಿದಿದ್ದರು. ಮನೆಯಲ್ಲಿ ಅವರು ಒಂದು ಮಾತು ಶುರುಮಾಡಿದರೆ ಅತ್ತೆ ಅದನ್ನು ಮುಗಿಸುತ್ತಿದ್ದರು. ‘ನಾಳೆ ಕಾ...’ ಎಂದರೆ ‘ಕಾರ್ಖಾನೆಗೆ ಬೇಗ ಹೋಗಬೇಕಾ, ಹೋಗು, ತಿಂಡಿ ಬೇಗ ಮಾಡಿಸ್ತೀನಿ’ ಎನ್ನುವರು. ಮಗ ಕಷ್ಟಪಡುವುದನ್ನು ನೋಡಲಾರದ ತಾಯಿಯ ಅಕ್ಕರೆ ಅದು. ಅವರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಮದುವೆಯಾಗಿ ಎಷ್ಟೋ ದಿನದವರೆಗೆ ನಾನು ಅವರ ಒಂದು ಪೂರ್ತಿ ವಾಕ್ಯ ಕೇಳಿದ ನೆನಪಿಲ್ಲ.

ಒಂದು ಭಾನುವಾರ ಅವರು ವರಾಂಡದಲ್ಲಿ ಕೂತು ತಮ್ಮ ಕೈವಾರ, ಮೂಲೆಮಟ್ಟಗಳನ್ನು ಒರೆಸುತ್ತಿದ್ದರು. ಹಾದುಹೋಗುತ್ತಿದ್ದ ಇಂಜಿನಿಯರು ನಿಂತು ನೋಡಿ ನಕ್ಕು, ತಮ್ಮ ಸಂಘದ ಗುರುತು ಕೂಡ ಈ ಎರಡೇ ಎಂದರು. ಬಹಳ ಹಿಂದೆ ಕಲ್ಲಿನ ಕಟ್ಟಡ ಕಟ್ಟುವ ಮೇಸ್ತ್ರಿಗಳಿಂದ ಬಂದ ಸಂಘವಂತೆ. ಕಟ್ಟಡ ನೆಟ್ಟಗಿರಬೇಕಾದರೆ ಬೇಕಾದ ಸಾಮಾನುಗಳನ್ನು ಮನುಷ್ಯ ನೆಟ್ಟಗಿರುವುದಕ್ಕೂ ಗುರುತಾಗಿ ಇಟ್ಟುಕೊಂಡಿದ್ದಾರಂತೆ. ಅದು ಇವರ ಮನಸ್ಸಿಗೆ ಹತ್ತಿತು. ಸೇರಬೇಕು ಎಂಬ ಆಸೆ ಹುಟ್ಟಿತು. ಆದರೆ ಆ ಸಂಘದಲ್ಲಿ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಸೇರಬೇಕೆನ್ನುವವನು ತಾನೇ ಬಾಯಿಬಿಟ್ಟು ಕೇಳಬೇಕು. ಇವರ ಪಾಲಿಗೆ ಕಷ್ಟವಾದದ್ದು ಅದೇ. ಸಂಜೆ ಕೆಲಸದಿಂದ ಬಂದು, ಮುಖ ತೊಳೆದು, ಹಿಂಭಾಗದ ಇಂಜಿನಿಯರ ಬಾಗಿಲವರೆಗೆ ಹೋಗಿ ವಾಪಸು ಬರುವರು. ಹೀಗೆ ಎಷ್ಟೋ ಸಂಜೆಗಳಾದವು. ಚೀಟಿ ಬರೆದು ಕೊಡಬಹುದಲ್ಲ ಎಂದು ನಾನು ಹೇಳಿದಾಗ ಬೇಡ ಎಂದು ತಲೆಯಾಡಿಸಿದರು. ಕೊನೆಗೊಂದು ದಿನ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಷರಟು ಬೆವರಿನಲ್ಲಿ ತೊಯ್ದಿತ್ತು.

‘ಕೇ... ಕೇಳಿದೆ,’ ಎಂದರು. ‘ಪೂರ್ತಿ ಕೇಳಿಸ್ಕೊಂಡ್ರು.’

ಕೆಲವು ವಾರಗಳ ಮೇಲೆ ಇಬ್ಬರು ನಮ್ಮ ಮನೆಗೆ ಬಂದರು. ಒಬ್ಬರು ಕತ್ತಿ ಹಿಡಿದು ನಿಲ್ಲುತ್ತಿದ್ದ ಹಿರಿಯರು. ಹತ್ತಿರದಿಂದ ನೋಡಿದರೆ ಅವರು ನಿವೃತ್ತ ಹೆಡ್‌ಮಾಸ್ಟರು, ವಿಜಯನಗರದ ಕಡೆ ಮನೆ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಇನ್ನೊಬ್ಬರು ಮೈಸೂರು ರಸ್ತೆಯಲ್ಲಿ ಮರದ ಡಿಪೋ ಇಟ್ಟಿದ್ದ ಸಾಹೇಬರು. ಕಾಫಿ ಕುಡಿದ ಮೇಲೆ ಮೇಷ್ಟ್ರು ನನ್ನನ್ನು ಕರೆದು ಕೂರಲು ಹೇಳಿದರು. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು.

‘ಇವರು ನಮ್ಮ ಲಾಡ್ಜ್ ಸೇರಬೇಕು ಅಂತಿದಾರಮ್ಮಾ,’ ಎಂದರು ಮೇಷ್ಟ್ರು. ‘ಮನೆಯವರಿಗೆ ಮನಸ್ಸಿಲ್ಲದೆ ನಾವು ಯಾರನ್ನೂ ತಗೊಳ್ಳೋದಿಲ್ಲ. ನಿಮಗೆ ಒಪ್ಪಿಗೆನಾ?’

ಓದು ನಿಲ್ಲಿಸುವಾಗ, ಮದುವೆ ಗೊತ್ತು ಮಾಡುವಾಗ ಯಾರೂ ನನ್ನನ್ನು ಹಾಗೆ ಕೂರಿಸಿ ಕೇಳಿರಲಿಲ್ಲ. ಒಳಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಮೇಷ್ಟ್ರು ಅದನ್ನು ಹೇಳುವಂತಿಲ್ಲ ಎಂದು ಕೈಮುಗಿದರು. ಸಾಹೇಬರು ಮಾತ್ರ, ‘ದೇವರನ್ನ ನಂಬದೋರಿಗೆ ನಮ್ಮಲ್ಲಿ ಜಾಗ ಇಲ್ಲ, ಅಮ್ಮಾ. ಯಾವ ದೇವರು ಅಂತ ಕೇಳೋದಿಲ್ಲ,’ ಎಂದರು. ನಾನು ಯಜಮಾನರ ಕಡೆ ನೋಡಿದೆ. ಅವರು ನೆಲ ನೋಡುತ್ತಾ ಕೂತಿದ್ದರು. ಒಪ್ಪಿಗೆ ಎಂದೆ.

ಅತ್ತೆ ಎರಡು ದಿನ ನಮ್ಮಿಬ್ಬರೊಡನೆಯೂ ಮಾತು ಬಿಟ್ಟರು. ಆಮೇಲೆ ಇನ್ನೊಂದು ರಗಳೆ ಎದ್ದಿತು. ಸೇರಿದವರಿಗೆ ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಬಿಳಿಯ ಏಪ್ರನ್ ಕೊಡುತ್ತಾರೆ; ಆ ಚಪ್ಪಟೆ ಪೆಟ್ಟಿಗೆಗಳಲ್ಲಿ ಇರುತ್ತಿದ್ದುದು ಅದೇ. ಅದು ಕುರಿಮರಿಯ ಚರ್ಮದ್ದು. ದೇವರ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಚರ್ಮ ಇಡುವುದುಂಟೇ ಎಂದು ಅತ್ತೆ ಕೂತಲ್ಲಿ ನಿಂತಲ್ಲಿ ಗೊಣಗಿದರು. ಮೇಷ್ಟ್ರಿಗೆ ಈ ಸುದ್ದಿ ಮುಟ್ಟಿತು. ಅವರು ನಗಲೂ ಇಲ್ಲ, ಉಪದೇಶ ಮಾಡಲೂ ಇಲ್ಲ. ತಾಯಿಯ ಮನಸ್ಸು ನೋಯಿಸಿ ಹಾಕಿಕೊಳ್ಳುವಂಥದ್ದಲ್ಲ ಅದು ಎಂದು ಹೇಳಿ, ಮಹಡಿಯ ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಸಿಕೊಟ್ಟರು. ಆ ದಿನದಿಂದ ಅತ್ತೆ ಮೇಷ್ಟ್ರು ಬಂದರೆ ಒಳಗಿನಿಂದಲೇ ‘ಕೂತ್ಕೊಳಿ’ ಎನ್ನುವಷ್ಟಕ್ಕೆ ಬಂದರು.

ಲಾಡ್ಜಿನ ಕ್ರಮದಲ್ಲಿ ಉದ್ದುದ್ದದ ಮಾತುಗಳಿವೆಯಂತೆ. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಬಾಯಿಪಾಠ. ಯಾರೂ ನೋಡಿಕೊಂಡು ಓದುವಂತಿಲ್ಲ. ವರ್ಷ ಕಳೆದ ಮೇಲೆ ಅದರಲ್ಲೊಂದು ಭಾಗ ಹೇಳುವ ಕೆಲಸವನ್ನು ಯಜಮಾನರಿಗೆ ವಹಿಸಿದರು. ಅವರು ಬಿಳಿಚಿಕೊಂಡು ಕೆಳಗೆ ಬಂದರು. ತನ್ನಿಂದಾಗದು ಎಂದು ಹೇಳಲು ಹೋದರೆ ಮೇಷ್ಟ್ರು, ಬೆಳಿಗ್ಗೆ ವಾಕಿಂಗಿಗೆ ನನ್ನ ಜೊತೆ ಬನ್ನಿ ಎಂದಷ್ಟೇ ಹೇಳಿದರಂತೆ.

ಆಗ ಬಸವೇಶ್ವರನಗರ ಎಂದರೆ ಕಲ್ಲು ನೆಟ್ಟ ಸೈಟುಗಳು, ಜಲ್ಲಿ ಹಾಕಿದ ರಸ್ತೆಗಳು, ನಡುವೆ ಅಲ್ಲೊಂದು ಇಲ್ಲೊಂದು ರಾಗಿ ಹೊಲ. ಬೆಳಗಿನ ಹೊತ್ತು ಅಲ್ಲಿ ಮನುಷ್ಯರ ಸುಳಿವಿರುತ್ತಿರಲಿಲ್ಲ. ಇಬ್ಬರೂ ಆ ಖಾಲಿ ರಸ್ತೆಗಳಲ್ಲಿ ನಡೆಯುತ್ತಾ ಅಭ್ಯಾಸ ಮಾಡುತ್ತಿದ್ದರು. ಮೇಷ್ಟ್ರದ್ದು ಒಂದೇ ನಿಯಮ. ಮಾತು ಸಿಕ್ಕಿಕೊಂಡರೆ ಅವರು ಮುಂದಿನ ಶಬ್ದ ಹೇಳಿಕೊಡುತ್ತಿರಲಿಲ್ಲ. ಇವರ ಮುಖವನ್ನೂ ನೋಡುತ್ತಿರಲಿಲ್ಲ. ನಿಂತು, ಕೋಲೂರಿಕೊಂಡು, ಹೊಲ ನೋಡುತ್ತಾ ಕಾಯುತ್ತಿದ್ದರು. ಶಬ್ದ ಬಂದ ಮೇಲೆ ಏನೂ ಆಗದವರಂತೆ ಮುಂದೆ ನಡೆಯುತ್ತಿದ್ದರು. ಇದನ್ನೆಲ್ಲ ಯಜಮಾನರು ಒಂದು ದಿನ ನನಗೆ ಹೇಳಿದರು. ಹೇಳಲು ಬಹಳ ಹೊತ್ತು ತೆಗೆದುಕೊಂಡರು. ನಾನೂ ಒಲೆಯ ಮೇಲಿನ ಸಾರು ಇಳಿಸಿ, ಸೌಟು ಕೆಳಗಿಟ್ಟು, ಅವರು ಮುಗಿಸುವವರೆಗೆ ಸುಮ್ಮನೆ ಕೂತೆ. ಮೇಷ್ಟ್ರು ಕಲಿಸಿದ್ದು ಹಾಗೆ ನನಗೂ ಬಂತು.

ಅವರು ತಮ್ಮ ಭಾಗ ಒಪ್ಪಿಸಿದ ಸಂಜೆ ನಾನು ಕೆಳಗೆ ಅಡುಗೆಮನೆಯಲ್ಲಿದ್ದೆ. ಮಾತು ಕೇಳಿಸುವಂತಿರಲಿಲ್ಲ. ಆದರೆ ಇಷ್ಟು ವರ್ಷಗಳಾದರೂ ಮರೆಯದ ಒಂದು ಸಂಗತಿ: ಊಟಕ್ಕೆ ಮುಂಚೆ ಸಾಹೇಬರು ಮೆಟ್ಟಿಲಿಳಿದು ನಮ್ಮ ಬಾಗಿಲಿಗೆ ಬಂದು, ‘ಚೆನ್ನಾಗಿ ಆಯ್ತಮ್ಮಾ’ ಎಂದು ಹೇಳಿ ಮೇಲೆ ಹೋದರು. ಅತ್ತೆ ಏನು ಎಂದು ಕೇಳಿದರು. ನಾನು ಅದನ್ನೇ ಹೇಳಿದೆ. ಅವರು ದೇವರ ಮುಂದೆ ಇನ್ನೊಂದು ಬತ್ತಿ ಹಚ್ಚಿದರು.

ಬಾಯಿಪಾಠ ಬೇರೆ, ಸ್ವಂತ ಮಾತು ಬೇರೆ ಎಂದು ನಮಗೆ ಬೇಗನೆ ಗೊತ್ತಾಯಿತು. ಕಲಿತ ಮಾತು ಇವರಿಗೆ ಸರಾಗವಾಗತೊಡಗಿತು. ತರಕಾರಿಯವನ ಹತ್ತಿರ, ಆಫೀಸಿನಲ್ಲಿ, ಉಗ್ಗು ಹಾಗೆಯೇ ಇತ್ತು. ಅದರ ನಿಜವಾದ ಪರೀಕ್ಷೆ ಬಂದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ.

ಆಗ ನಾಲ್ಕು ಜನ ಒಂದು ಕಡೆ ಸೇರಿದರೆ ನೋಡುವವರಿಗೆ ಅನುಮಾನ. ಮುಚ್ಚಿದ ಬಾಗಿಲು, ಕಪ್ಪು ಕೋಟು, ಕತ್ತಿ ಎಂದರೆ ಹೇಳುವುದೇ ಬೇಡ. ಬೀದಿಯವರು ಯಾರೋ ಠಾಣೆಗೆ ಸುದ್ದಿ ಕೊಟ್ಟಿದ್ದರು. ಒಂದು ಸಭೆಯ ಸಂಜೆ ಮೇಷ್ಟ್ರಿಗೆ ಜ್ವರ ಬಂದು, ಬಾಗಿಲು ಕಾಯುವ ಕೆಲಸ ಇವರ ಪಾಲಿಗೆ ಬಂದಿತ್ತು. ಮೆಟ್ಟಿಲ ಮೇಲ್ತುದಿಯಲ್ಲಿ ಕತ್ತಿ ಹಿಡಿದು ನಿಂತಿದ್ದರು. ಒಬ್ಬ ವಯಸ್ಸಾದ ದಫೇದಾರರು ಸೈಕಲ್ ನಿಲ್ಲಿಸಿ ಗೇಟು ತೆಗೆದು ಒಳಗೆ ಬಂದರು. ಮೇಲೆ ಏನು ನಡೆಯುತ್ತಿದೆ, ಕೈಯಲ್ಲಿ ಕತ್ತಿ ಏಕೆ ಎಂದು ಕೇಳಿದರು. ಯಜಮಾನರು ಕೆಳಗಿಳಿದು ಬಂದರು. ಬಾಯಿ ತೆರೆದರು. ಮಾತು ಹೊರಡಲಿಲ್ಲ.

ದಫೇದಾರರು ಮತ್ತೆ ಕೇಳಿದರು. ಅದಕ್ಕೂ ಬರೀ ‘ಮ... ಮ...’ ಎಂದಾಗ ಅವರ ಮುಖ ಬದಲಾಯಿತು. ತಪ್ಪು ಮಾಡಿದವನು ಹೆದರಿ ತಡವರಿಸುತ್ತಿದ್ದಾನೆ ಎಂದುಕೊಂಡಿರಬೇಕು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಅವರು ಮೆಟ್ಟಿಲಿನ ಕಡೆ ಹೆಜ್ಜೆ ಇಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಅಂಗಳಕ್ಕೆ ಇಳಿದರು. ಇನ್ನೇನು ಮಗನ ಮಾತನ್ನು ತಾವೇ ಆಡಿಬಿಡುತ್ತಾರೆ ಎಂದುಕೊಂಡೆ.

‘ಸ್ವಲ್ಪ ನಿಂತ್ಕೊಳಪ್ಪಾ,’ ಎಂದರು ದಫೇದಾರರಿಗೆ. ‘ಅವನೇ ಹೇಳ್ತಾನೆ. ನಿಧಾನ ಆಗತ್ತೆ, ಆದ್ರೆ ಹೇಳ್ತಾನೆ.’

ದಫೇದಾರರು ನಿಂತರು. ಅತ್ತೆ ಮಗನ ಕಡೆ ನೋಡಲಿಲ್ಲ. ಸೆರಗು ಹೊದ್ದು ತುಳಸಿ ಕಟ್ಟೆಯ ಕಡೆ ತಿರುಗಿ ನಿಂತರು. ಯಜಮಾನರು ಒಂದು ಉಸಿರು ಬಿಟ್ಟು ಶುರುಮಾಡಿದರು. ಮೇಲೆ ಪ್ರಾರ್ಥನೆ ನಡೆಯುತ್ತಿದೆ ಎಂದರು. ಅಲ್ಲಿ ರಾಜಕೀಯ ಮಾತಾಡುವಂತಿಲ್ಲ, ಧರ್ಮದ ವಾದ ಮಾಡುವಂತಿಲ್ಲ, ಅದು ಮೊದಲಿನಿಂದಲೂ ಇರುವ ನಿಯಮ ಎಂದರು. ಎಷ್ಟೋ ಕಡೆ ನಿಂತರು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕತ್ತಿಯನ್ನು ಅಡ್ಡಲಾಗಿ ಹಿಡಿದು ದಫೇದಾರರ ಮುಂದೆ ಚಾಚಿದರು.

‘ಇದು ಶಾ... ಶಾಸ್ತ್ರಕ್ಕೆ ಸಾರ್. ಹರಿತ ಇಲ್ಲ. ಮುಟ್ಟಿ ನೋಡಿ.’

ದಫೇದಾರರು ಹೆಬ್ಬೆರಳಿಂದ ಮುಟ್ಟಿ ನೋಡಿದರು. ಅದರಲ್ಲಿ ಸೌತೆಕಾಯಿ ಕೂಡ ಹೆಚ್ಚಲಾಗುತ್ತಿರಲಿಲ್ಲ. ಅವರಿಗೆ ನಗು ಬಂತು. ಇಂಜಿನಿಯರು ಹೊರಗೆ ಬಂದು ಮಾತಾಡಿದರು, ಮರುದಿನ ಠಾಣೆಗೆ ಹೋಗಿ ಎಲ್ಲ ವಿವರ ಕೊಟ್ಟು ಬಂದರು; ಮುಂದೆ ಯಾವ ತೊಂದರೆಯೂ ಆಗಲಿಲ್ಲ. ಆದರೆ ಆ ಸಂಜೆ ದಫೇದಾರರು ನಮ್ಮ ವರಾಂಡದಲ್ಲಿ ಕಾಫಿ ಕುಡಿದು, ಲೋಟ ಕೆಳಗಿಡುತ್ತಾ, ತಮ್ಮ ತಮ್ಮನಿಗೂ ಹೀಗೇ ಮಾತು ನಿಲ್ಲುತ್ತದೆ ಎಂದು ಅತ್ತೆಗೆ ಹೇಳಿದರು. ಅವರಿಬ್ಬರೂ ಬಹಳ ಹೊತ್ತು ಅದನ್ನೇ ಮಾತಾಡಿಕೊಂಡರು. ನಿಂಬೆಹಣ್ಣು ಕಟ್ಟುವುದು ಯಾವಾಗ ನಿಂತಿತೋ ನೆನಪಿಲ್ಲ. ಆ ವರ್ಷದ ಕೊನೆಗೆ ಅಂತೂ ನಾನು ಅದನ್ನು ನೋಡಲಿಲ್ಲ.

ಲಾಡ್ಜಿಗೆ ಸದಸ್ಯರು ಹೆಚ್ಚಾಗಿ ಮಹಡಿ ಸಾಲದಾಯಿತು. ಹೊಸಹಳ್ಳಿಯ ಹಳೆಯ ರೈತ ಮನೆತನದವರೊಬ್ಬರು ಅಷ್ಟು ಹೊತ್ತಿಗೆ ಸದಸ್ಯರಾಗಿದ್ದರು. ಅವರ ಹೊಲಗಳೆಲ್ಲ ಬಡಾವಣೆಯಾಗಿ ಹೋಗಿದ್ದವು. ಉಳಿದುಕೊಂಡಿದ್ದ ಒಂದು ತುಂಡನ್ನು ಲಾಡ್ಜಿನ ಕಟ್ಟಡಕ್ಕೆಂದು ಬಿಟ್ಟುಕೊಟ್ಟರು. ಅಡಿಗಲ್ಲು ಇಡುವ ದಿನ ಮನೆಯವರನ್ನೆಲ್ಲ ಕರೆದರು. ಮುಚ್ಚಿದ ಬಾಗಿಲಿಲ್ಲದೆ ಬಯಲಿನಲ್ಲಿ, ಶಾಮಿಯಾನದ ಕೆಳಗೆ, ನಾವು ಹೆಂಗಸರು ಮೊದಲ ಬಾರಿಗೆ ಅವರ ಶಾಸ್ತ್ರ ನೋಡಿದೆವು. ಕಲ್ಲನ್ನು ಮಟ್ಟ ಹಿಡಿದು, ತೂಗುಗುಂಡು ಬಿಟ್ಟು ನೋಡಿ, ಅದರ ಮೇಲೆ ಧಾನ್ಯ, ದ್ರಾಕ್ಷಿಯ ರಸ, ಎಣ್ಣೆ ಸುರಿದರು. ಧಾನ್ಯವೆಂದು ಬೇರೆ ಕಡೆ ಗೋಧಿ ಬಳಸುತ್ತಾರಂತೆ. ಹೊಸಹಳ್ಳಿಯವರು ಅದೇ ನೆಲದಲ್ಲಿ ಕೊನೆಯ ಸಲ ಬೆಳೆದ ರಾಗಿಯನ್ನು ಮೊರದಲ್ಲಿ ತಂದಿದ್ದರು. ಅದನ್ನೇ ಸುರಿದರು. ನಮ್ಮ ಅತ್ತೆ, ಇದು ನಮ್ಮ ಗುದ್ದಲಿಪೂಜೆ ಇದ್ದ ಹಾಗೇ ಇದೆ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಮೇಲೆ ಲಾಡ್ಜಿನ ಚರಿತ್ರೆಯನ್ನು ಮನೆಯವರಿಗೆಲ್ಲ ತಿಳಿಯುವಂತೆ ಕನ್ನಡದಲ್ಲಿ ಒಬ್ಬರು ಹೇಳುತ್ತಾರೆ ಎಂದರು. ಎದ್ದು ನಿಂತವರು ನಮ್ಮ ಯಜಮಾನರು. ಇದು ನನಗೂ ಗೊತ್ತಿರಲಿಲ್ಲ. ಕೈಯಲ್ಲಿ ಕಾಗದವೂ ಇರಲಿಲ್ಲ. ಯಾರೋ ಬರೆದ ಇಂಗ್ಲಿಷ್ ಮಾತಲ್ಲ ಅದು, ಅವರದೇ ಮಾತು.

ಅವರು ಹೇಳಿದ್ದು ಹೀಗೆ. ಮೊದಲು ಈ ಕಡೆಯ ಕೆಲವರು ಕಂಟೋನ್ಮೆಂಟಿನ ಹಳೆಯ ಲಾಡ್ಜುಗಳಿಗೆ ಹೋಗುತ್ತಿದ್ದರು. ಊಟ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತಿತ್ತು. ಕೋಟು ಕೈಯಲ್ಲಿ ಹಿಡಿದು ಮೆಜೆಸ್ಟಿಕ್‌ನಿಂದ ರಾಜಾಜಿನಗರಕ್ಕೆ ನಡೆದುಕೊಂಡು ಬರುವಾಗ, ನಮ್ಮ ಕಡೆಯೇ ಒಂದು ಲಾಡ್ಜ್ ಇದ್ದರೆ ಏನು ಎಂಬ ಮಾತು ಹುಟ್ಟಿತು. ಹೊಸ ಲಾಡ್ಜಿಗೆ ಅನುಮತಿ ಕೇಳಲು ಏಳು ಜನ ಬೇಕು. ಆರು ಜನ ಸಿಕ್ಕಿ ಏಳನೆಯವರು ಸಿಕ್ಕದೆ ಬಹಳ ದಿನ ನಿಂತುಹೋಯಿತು. ಏಳನೆಯವರಾಗಿ ಬಂದವರು ಕೆಂಗೇರಿಯ ಒಬ್ಬ ಡಾಕ್ಟರು. ಅಲ್ಲಿಂದ ಬರಲು ಅವರಿಗೆ ಎಲ್ಲರಿಗಿಂತ ದೂರ. ಮೊದಲ ಸಭೆಯ ದಿನ ಕುರ್ಚಿಗಳು ಛತ್ರದಿಂದ ಬಂದವು; ಕಪ್ಪು ಬಿಳಿ ಚೌಕಗಳ ನೆಲಹಾಸನ್ನು ಇಂಜಿನಿಯರು ದಪ್ಪ ಬಟ್ಟೆಯ ಮೇಲೆ ತಾವೇ ಬಣ್ಣ ಹಚ್ಚಿ ಮಾಡಿದರು. ಲಾಡ್ಜಿನ ಮುಖ್ಯಸ್ಥರು ಕೂರುವ ಮೂರು ದೊಡ್ಡ ಕುರ್ಚಿಗಳನ್ನು ಸಾಹೇಬರು ತಮ್ಮ ಡಿಪೋದ ತೇಗದಲ್ಲಿ ಮಾಡಿಸಿಕೊಟ್ಟರು. ನಡುವಿನ ಮೇಜಿನ ಮೇಲೆ ಗೀತೆ, ಕುರಾನು, ಬೈಬಲ್ಲು ಮೂರನ್ನೂ ಇಡಬೇಕಿತ್ತು. ಕೊಂಡು ತರುವುದು ಬೇಡ, ಯಾರದಾದರೂ ಮನೆಯಲ್ಲಿ ದಿನಾ ಓದುವ ಪುಸ್ತಕವೇ ಆಗಬೇಕು ಎಂದು ತೀರ್ಮಾನಿಸಿದರು. ಗೀತೆ ಕೊಟ್ಟವರು ಮೇಷ್ಟ್ರ ಹೆಂಡತಿ. ತಮ್ಮ ಪುಸ್ತಕ ಕೊಟ್ಟು ತಾವು ಬೇರೊಂದು ತರಿಸಿಕೊಂಡರು.

ಇಷ್ಟು ಹೇಳಲು ಬೇರೆಯವರಿಗಾದರೆ ಎಷ್ಟು ಹೊತ್ತು ಬೇಕು? ಇವರಿಗೆ ಬಿಸಿಲು ಶಾಮಿಯಾನದ ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯುವಷ್ಟು ಬೇಕಾಯಿತು. ‘ಮೆಜೆಸ್ಟಿಕ್’ ಎಂಬ ಶಬ್ದದ ಹತ್ತಿರ ಇವರು ನಿಂತುಬಿಟ್ಟರು. ಸುತ್ತ ನೋಡಿದೆ. ಅಲ್ಲಿದ್ದ ಗಂಡಸರು ಒಬ್ಬರೂ ಕೆಮ್ಮಲಿಲ್ಲ, ಒಬ್ಬರೂ ಗಡಿಯಾರ ನೋಡಲಿಲ್ಲ. ಅವರನ್ನು ನೋಡಿ ಹೆಂಗಸರು, ಮಕ್ಕಳು ಕೂಡ ಸುಮ್ಮನೆ ಕೂತರು. ಮಾತು ಬಂತು, ಕಥೆ ಮುಂದುವರಿಯಿತು. ಮುಗಿದ ಮೇಲೆ ಅವರು ಕೈಮುಗಿದು ಕೂತರು. ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮನೆಗೆ ನಡೆದು ಬರುವಾಗ ಅತ್ತೆ, ‘ಅವನ ಅಪ್ಪ ಇದ್ದಿದ್ರೆ ಕೇಳಿಸ್ಕೊಳ್ಳೋರು ಕಣೇ,’ ಎಂದರು.

ಹೊಸ ಕಟ್ಟಡ ಮುಗಿಯುವ ಹೊತ್ತಿಗೆ ದಶಕವೂ ಮುಗಿಯುತ್ತಾ ಬಂದಿತ್ತು. ತೇಗದ ಕುರ್ಚಿಗಳನ್ನು ಲಾರಿಗೆ ಏರಿಸಿದ ದಿನ ನಮ್ಮ ಬೀದಿಯವರೇ ಎಷ್ಟೋ ಜನ ಕೈಹಾಕಿದರು. ಯಜಮಾನರ ಉಗ್ಗು ಹೋಗಲಿಲ್ಲ; ಅದು ಅವರ ಕೊನೆಯವರೆಗೂ ಇತ್ತು. ಆದರೆ ಅಡಿಗಲ್ಲಿನ ಆ ಸಮಾರಂಭದ ನಂತರ ಅವರು ಕಾರ್ಖಾನೆಯಲ್ಲಿ ತಮ್ಮ ಮ್ಯಾನೇಜರರ ಕೋಣೆಗೆ ಹೋಗಿ, ಹೊಸದಾಗಿ ಸೇರುವ ಅಪ್ರೆಂಟಿಸ್‌ಗಳಿಗೆ ನಕ್ಷೆಯ ಕೆಲಸ ತಾವು ಹೇಳಿಕೊಡಬಹುದೇ ಎಂದು ಕೇಳಿದರು. ಅವರು ಒಪ್ಪಿದರು. ನಿವೃತ್ತರಾಗುವವರೆಗೆ ವರ್ಷ ವರ್ಷವೂ ಹೊಸ ಹುಡುಗರು ಇವರ ಮುಂದೆ ಕೂತು ಕಲಿತರು. ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಿದ್ದ ಆ ಹುಡುಗರು ಇವರು ಮಾತಾಡುವಾಗ ತಟ್ಟೆಯಿಂದ ಕೈ ತೆಗೆದು, ಪೂರ್ತಿ ಆಗುವವರೆಗೆ ಕೇಳುವುದನ್ನು ನಾನು ಬಡಿಸುತ್ತಾ ನಿಂತು ನೋಡುತ್ತಿದ್ದೆ. ಆ ಸಂಘದ ಗುಟ್ಟೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಲೂ ಇಲ್ಲ. ಮೇಷ್ಟ್ರು, ಸಾಹೇಬರು, ಇಂಜಿನಿಯರು ಒಬ್ಬರಾದ ಮೇಲೊಬ್ಬರು ಹೋದರು. ಅವರಲ್ಲಿ ಯಾರಿಗೂ ನಾನು ಬಾಯಿಬಿಟ್ಟು ಕೃತಜ್ಞತೆ ಹೇಳಿದವಳಲ್ಲ. ನಮ್ಮ ಕಾಲದ ಹೆಂಗಸರಿಗೆ ಅದು ಕಾಫಿ ಕೊಡುವುದರಲ್ಲೇ ಮುಗಿಯುತ್ತಿತ್ತು. ಈಗ ಹೇಳುತ್ತಿದ್ದೇನೆ.